ಆಗಿದ್ದು ಆಗಿಹೋಯ್ತು ಅನ್ನುವ ಮೊದಲು

(ಬಸವನಗುಡಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಅಕಾಲ ಸಾವಾದಾಗ, ಅಪಘಾತವಾದಾಗ, ಹೇಳಿಕೊಳ್ಳಲಾಗದ್ದೇನೋ ಒಂದು ಮಗುವಿಗೆ ಆದಾಗ ನಾವು ಆಡುವ ಮಾತು ಹೆಚ್ಚುಕಡಿಮೆ ಒಂದೇ. "ಆಗಿದ್ದು ಆಗಿಹೋಯ್ತು. ಅದನ್ನೇ ನೆನೆಸ್ಕೊಂಡು ಕೂತ್ರೆ ಹೇಗೆ? ಮುಂದಿಂದು ನೋಡು." ಹೀಗೆ ಹೇಳುವವರು ಕಟುಕರಲ್ಲ. ಎದುರಿಗಿರುವವರ ಸಂಕಟ ನೋಡಲಾಗದೆ, ಬೇರೇನೂ ತೋಚದೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಈ ಸಂಜೆ ನಾನು ವಾದಿಸಲು ಬಂದಿರುವುದು ಈ ಮಾತಿನ ವಿರುದ್ಧವೇ. ಮಾತಿನ ಮೂಲಕ ಮನಸ್ಸಿನ ಅರಿವಿಗೆ ಬಾರದ ಪದರಗಳನ್ನು ಹುಡುಕುವ ಮನೋವಿಶ್ಲೇಷಣೆ ಎಂಬ ಶಾಸ್ತ್ರ ಆಘಾತದ ಬಗ್ಗೆ ಕಂಡುಕೊಂಡದ್ದರಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇಷ್ಟು: ಆಘಾತದಲ್ಲಿ ಆಗಿದ್ದು ಆಗಿಹೋಗಿರುವುದಿಲ್ಲ, ಒಳಗೆ ಆಗುತ್ತಲೇ ಇರುತ್ತದೆ. ಅದು ಮುಗಿದ ಸಂಗತಿಯಾಗಬೇಕಾದರೆ ಅದನ್ನು ಕೇಳಿಸಿಕೊಳ್ಳುವ ಇನ್ನೊಂದು ಜೀವ ಬೇಕು.

ನನ್ನ ಬಳಿ ಚಿಕಿತ್ಸೆಗೆ ಬಂದವರ ಕಥೆಯನ್ನು ಇಲ್ಲಿ ಹೇಳುವ ಹಕ್ಕು ನನಗಿಲ್ಲ. ಹಲವರ ಬದುಕಿನಿಂದ ಒಂದೊಂದು ಎಳೆ ತೆಗೆದು, ಗುರುತು ಸಿಗದಂತೆ ಬೆರೆಸಿ, ಒಬ್ಬ ವ್ಯಕ್ತಿಯನ್ನು ಕಟ್ಟಿಕೊಂಡಿದ್ದೇನೆ. ನಲವತ್ತೈದು ದಾಟಿದ ಗಂಡಸು. ಊರು ತುಮಕೂರಿನ ಕಡೆ, ಕೆಲಸ ಪೀಣ್ಯದಲ್ಲಿ, ಮನೆ ರಾಜಾಜಿನಗರದಲ್ಲಿ. ಕುಡಿತವಿಲ್ಲ, ಸಾಲವಿಲ್ಲ. ಮಗ ಪಿಯುಸಿ ಮುಗಿಸಿ ಬೈಕ್ ಕೇಳಿದ. ಅಲ್ಲಿಂದ ಅಪ್ಪನಿಗೆ ನಿದ್ದೆ ಹೋಯಿತು, ಎದೆ ಹಿಡಿಯತೊಡಗಿತು. ಇಸಿಜಿ, ಎಕೋ, ಟಿಎಂಟಿ ಎಲ್ಲ ಮಾಡಿಸಿದ್ದಾಯಿತು, ಎಲ್ಲದರಲ್ಲೂ ನಾರ್ಮಲ್ ಎಂದೇ ಬಂತು. ಎಂದೂ ಕೈ ಎತ್ತದವರು ಒಂದು ರಾತ್ರಿ ಮಗನಿಗೆ ಹೊಡೆದರು. ವಾರದೊಳಗೆ ಅವನನ್ನು ದೂರದ ಊರಿನ ಹಾಸ್ಟೆಲ್ಲಿಗೆ ಸೇರಿಸಿಬಿಟ್ಟರು. ಯಾಕೆ ಹೀಗೆ ಮಾಡಿದಿರಿ ಎಂದು ಹೆಂಡತಿ ಕೇಳಿದರೆ ಅವರಲ್ಲಿ ಉತ್ತರವಿಲ್ಲ.

ಎಷ್ಟೋ ತಿಂಗಳ ಮೇಲೆ, ಬೇರೇನೋ ಹೇಳುತ್ತಿದ್ದಾಗ, "ನಮ್ಮಣ್ಣ ಒಬ್ಬ ಇದ್ದ" ಅಂದರು. ಇವರಿಗೆ ಹತ್ತು ವರ್ಷವಿದ್ದಾಗ ಅಣ್ಣ ಮೋಟಾರ್ ಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದ. ಆ ಬೆಳಿಗ್ಗೆ ಯಾರೋ ಇವರನ್ನು ಸೋದರಮಾವನ ಮನೆಗೆ ಕರೆದುಕೊಂಡು ಹೋದರು. ಕಾರ್ಯವೆಲ್ಲ ಮುಗಿದ ಮೇಲೆ ವಾಪಸು ಕರೆತಂದಾಗ ನಡುಮನೆಯ ಗೋಡೆಯಲ್ಲಿ ಅಣ್ಣನ ಫೋಟೋ, ಅದಕ್ಕೊಂದು ಹಾರ. "ಅಮ್ಮನ ಮುಂದೆ ಅವನ ಹೆಸರು ಎತ್ತಬೇಡ ಕಣೋ" ಎಂದು ದೊಡ್ಡಪ್ಪ ಹೇಳಿದರು. ಹುಡುಗ ಎತ್ತಲಿಲ್ಲ. ದೊಡ್ಡವನಾದ ಮೇಲೂ ಎತ್ತಲಿಲ್ಲ. ಈಗ ಮಗನಿಗೆ ಸರಿಯಾಗಿ ಆ ಅಣ್ಣನ ವಯಸ್ಸು. ಅಂದು ತನ್ನನ್ನು ಮನೆಯಿಂದ ಹೊರಗೆ ಕಳಿಸಿದಂತೆಯೇ ಮಗನನ್ನೂ ಕಳಿಸಿದ್ದಾರೆ, ಕಳಿಸಿದ್ದು ಯಾಕೆಂದು ತಿಳಿಯದೆ.

ಮನೋವಿಶ್ಲೇಷಣೆಯನ್ನು ಕಟ್ಟಿದ ವಿಯೆನ್ನಾದ ವೈದ್ಯ ಫ್ರಾಯ್ಡ್ 1914ರ ಒಂದು ಲೇಖನದಲ್ಲಿ ಹೇಳಿದ್ದು ಇದನ್ನೇ. ನೆನಪಿಸಿಕೊಳ್ಳಲಾಗದ್ದನ್ನು ಮನುಷ್ಯ ಮತ್ತೆ ಮಾಡುತ್ತಾನೆ, ಮಾಡುತ್ತಿರುವುದು ಮರುಮಾಡುವಿಕೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ನಮ್ಮ ವ್ಯಕ್ತಿಯ ನೆನಪಿನಲ್ಲಿ ಅಣ್ಣ ಇರಲಿಲ್ಲವೆಂದಲ್ಲ. ಫೋಟೋ ಅಲ್ಲೇ ಇತ್ತು, ವರ್ಷಾವರ್ಷ ಎಡೆ ಇಡುತ್ತಿದ್ದರು. ಆ ಹತ್ತು ವರ್ಷದ ಹುಡುಗನಿಗೆ ಅಂದು ಏನಾಯಿತೆಂಬುದು ಮಾತ್ರ ಯಾರ ಮಾತಿಗೂ ಬಂದಿರಲಿಲ್ಲ, ಅವರದೇ ಮಾತಿಗೂ.

ಇಷ್ಟು ವರ್ಷ ಸುಮ್ಮನಿದ್ದದ್ದು ಈಗ ಎದ್ದದ್ದೇಕೆ? ಇದಕ್ಕೆ ಫ್ರಾಯ್ಡ್ 1895ರಲ್ಲೇ ಒಂದು ಉತ್ತರ ಬರೆದಿಟ್ಟರು. ಎಮ್ಮಾ ಎಂಬ ಯುವತಿಗೆ ಒಬ್ಬಳೇ ಅಂಗಡಿಯೊಳಗೆ ಹೋಗಲು ಭಯ. ಕಾರಣ ಕೇಳಿದರೆ, ಹನ್ನೆರಡನೇ ವಯಸ್ಸಿನಲ್ಲಿ ಅಂಗಡಿಯ ಇಬ್ಬರು ಕೆಲಸದವರು ತನ್ನ ಬಟ್ಟೆ ನೋಡಿ ನಕ್ಕರೆಂದೂ, ಹೆದರಿ ಓಡಿಬಂದೆನೆಂದೂ ಹೇಳಿದಳು. ಅಷ್ಟಕ್ಕೆ ಇಷ್ಟು ಭಯವೇ? ಮಾತು ಹಿಂದೆ ಹಿಂದೆ ಹೋದಾಗ ಇನ್ನೊಂದು ಹೊರಬಂತು. ಎಂಟನೇ ವಯಸ್ಸಿನಲ್ಲಿ ಮಿಠಾಯಿ ಕೊಳ್ಳಲು ಹೋಗಿದ್ದಾಗ ಅಂಗಡಿಯವನು ಬಟ್ಟೆಯ ಮೇಲಿಂದಲೇ ಅವಳ ಮೈಗೆ ಕೈ ಹಾಕಿದ್ದ, ಹಲ್ಲು ಕಿರಿಯುತ್ತಾ. ಎಂಟು ವರ್ಷದ ಮಗುವಿಗೆ ಅದರ ಅರ್ಥ ಗೊತ್ತಿರಲಿಲ್ಲ. ಮೈ ನೆರೆಯುವ ವಯಸ್ಸಿಗೆ ಬಂದಾಗ ಅರ್ಥವೂ ಬಂತು. ಯಾರೋ ಸುಮ್ಮನೆ ನಕ್ಕ ನಗು ಆ ಹಳೆಯ ನಗುವನ್ನು ಎಬ್ಬಿಸಿತು, ಪೆಟ್ಟು ತಟ್ಟಿದ್ದು ಆಗ.

ತಡವಾಗಿ ತಟ್ಟುವ ಪೆಟ್ಟಿನ ಈ ವಿಚಾರದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಟೀವಿ ಚರ್ಚೆಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ಎಷ್ಟೋ ಸಲ ಮನೆಯೊಳಗೂ, ಬಾಲ್ಯದ ದೌರ್ಜನ್ಯವನ್ನು ದೊಡ್ಡವಳಾದ ಮೇಲೆ ಹೇಳಿಕೊಂಡ ಹೆಣ್ಣುಮಗಳಿಗೆ ಎದುರಾಗುವ ಮೊದಲ ಪ್ರಶ್ನೆ "ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?" ಎಂಬುದು. ತಡವಾಗಿದ್ದೇ ಸುಳ್ಳಿಗೆ ಸಾಕ್ಷಿ ಎಂಬಂತೆ. ತಡವಾಗುವುದು ಆಘಾತದ ಸ್ವಭಾವವೇ ಹೌದು ಎಂದು ನೂರಮೂವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮದುವೆಯಾದ ಮೇಲೆ, ತನ್ನ ಮಗಳಿಗೆ ಎಂಟು ವರ್ಷ ತುಂಬಿದ ಮೇಲೆ, ಅಥವಾ ಆ ಮನುಷ್ಯ ಸತ್ತ ಸುದ್ದಿ ಬಂದ ಮೇಲೆ ಮೊದಲ ಬಾರಿಗೆ ಮೈ ನಡುಗಿದವರನ್ನು ನಾನು ನೋಡಿದ್ದೇನೆ. ಆ ಪ್ರಶ್ನೆಯನ್ನು ನಾವು ಕೇಳುವುದನ್ನು ನಿಲ್ಲಿಸಬೇಕು.

ಅದೇ 1895ರಲ್ಲಿ ಫ್ರಾಯ್ಡ್ ಮತ್ತು ಹಿರಿಯ ವೈದ್ಯ ಬ್ರಾಯರ್ ಸೇರಿ ಹಿಸ್ಟೀರಿಯಾದ ಬಗ್ಗೆ, ಅಂದರೆ ಮೈಯಲ್ಲಿ ಕಾರಣ ಸಿಗದ ಕಾಯಿಲೆಯ ಬಗ್ಗೆ, ಪುಸ್ತಕ ಪ್ರಕಟಿಸಿದರು. ಅದರಲ್ಲಿ ಆನಾ ಓ ಎಂಬ ಹೆಸರಿನಲ್ಲಿ ಬರುವ ಯುವತಿಯ ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. ಕಾಯಿಲೆ ಮಲಗಿದ್ದ ತಂದೆಯ ಶುಶ್ರೂಷೆ ಮಾಡುತ್ತಾ ತಾನೇ ಕಾಯಿಲೆ ಬಿದ್ದವಳು. ಕೈ ಮರಗಟ್ಟಿತು, ಕಣ್ಣಿಗೆ ಏನೇನೋ ಕಂಡಿತು. ಕೆಲಕಾಲ ಅವಳಿಗೆ ತಾಯ್ನುಡಿ ಜರ್ಮನ್ ಪೂರಾ ಮರೆತುಹೋಗಿ ಇಂಗ್ಲಿಷ್ ಒಂದೇ ಉಳಿದಿತ್ತು. ಬ್ರಾಯರ್ ಮುಂದೆ ಕೂತು ಒಂದೊಂದು ಲಕ್ಷಣದ ಹಿಂದಿನ ಸಂಗತಿಯನ್ನೂ ಹೇಳಿಕೊಂಡಂತೆ ಅದು ಸಡಿಲವಾಗುತ್ತಿತ್ತು. ಆಮೇಲೂ ಆಕೆ ಆಸ್ಪತ್ರೆಯಲ್ಲಿ ಇರಬೇಕಾಯಿತು, ಪುಸ್ತಕದಲ್ಲಿ ತೋರಿಸಿದಷ್ಟು ಸಲೀಸಾಗಿ ಗುಣವಾಗಲಿಲ್ಲ ಎಂಬುದೂ ಈಗ ತಿಳಿದಿದೆ. ಮುಂದೆ ಆಕೆ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಸಂಘಟನೆ ಕಟ್ಟಿದರು (1904), ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದರು. ಮನೋವಿಶ್ಲೇಷಣೆಯ ಮೊದಲ ಪಾಠ ಹುಟ್ಟಿದ್ದು ವೈದ್ಯರ ತಲೆಯಲ್ಲಿ ಎನ್ನುವುದಕ್ಕಿಂತ ಈ ಹೆಣ್ಣುಮಗಳ ಮಾತಿನಲ್ಲಿ ಎನ್ನುವುದು ನ್ಯಾಯ.

ತಾಯ್ನುಡಿ ಮರೆತ ಆ ಸಂಗತಿ ನನ್ನನ್ನು ಬೆಂಗಳೂರಿನಲ್ಲಿ ಪ್ರತಿವಾರವೂ ಕಾಡುತ್ತದೆ. ಈ ಊರಿನಲ್ಲಿ ಥೆರಪಿ ಬಹುಪಾಲು ನಡೆಯುವುದು ಇಂಗ್ಲಿಷಿನಲ್ಲಿ. ಆದರೆ ಬಾಲ್ಯ ನಡೆದದ್ದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ. ಇಂಗ್ಲಿಷಿನಲ್ಲಿ ಅಪ್ಪನ ಹೊಡೆತದ ಬಗ್ಗೆ ಸರಾಗವಾಗಿ, ಯಾರದೋ ವರದಿ ಓದಿದ ಹಾಗೆ ಹೇಳಿ ಮುಗಿಸುವವರಿದ್ದಾರೆ. "ಅಪ್ಪ ಆಗ ಏನಂತ ಬೈದರು? ಅವರ ಮಾತಲ್ಲೇ ಹೇಳಿ" ಎಂದು ಕೇಳಿದರೆ ದನಿ ಕಟ್ಟುತ್ತದೆ. ಕಲಿತ ಭಾಷೆ ನೋವನ್ನು ದೂರ ಇಡಲು ಸಹಾಯ ಮಾಡುತ್ತದೆ. ಆ ದೂರ ಕೆಲವು ಸಲ ಬೇಕೇ ಬೇಕು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಕೇಳಿಸಿಕೊಳ್ಳುವವರಿಗೆ ಆ ಮನೆಯ ಭಾಷೆ ಗೊತ್ತಿಲ್ಲದಿದ್ದರೆ ಆಯ್ಕೆಯೇ ಇಲ್ಲವಾಗುತ್ತದೆ. ಕನ್ನಡದಲ್ಲಿ ಕೇಳಿಸಿಕೊಳ್ಳಬಲ್ಲ ತಜ್ಞರು ಈ ನಗರಕ್ಕೆ ಇನ್ನೂ ಬಹಳ ಜನ ಬೇಕು.

ಇನ್ನು ಮನೋವಿಶ್ಲೇಷಣೆಯ ಇತಿಹಾಸದಲ್ಲಿನ ಒಂದು ಕಹಿ ಅಧ್ಯಾಯ. 1896ರ ಏಪ್ರಿಲಿನಲ್ಲಿ ವಿಯೆನ್ನಾದ ವೈದ್ಯರ ಮುಂದೆ ಫ್ರಾಯ್ಡ್, ಹಿಸ್ಟೀರಿಯಾದ ಬೇರು ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ಸಾರಿದರು. ಸಭೆ ತಣ್ಣಗೆ ಕೂತಿತು. 1897ರ ಸೆಪ್ಟೆಂಬರಿನಲ್ಲಿ ಗೆಳೆಯ ಫ್ಲೀಸ್‌ಗೆ ಪತ್ರ ಬರೆದು, ಆ ಸಿದ್ಧಾಂತದಲ್ಲಿ ತಮಗೀಗ ನಂಬಿಕೆಯಿಲ್ಲವೆಂದರು. ದೌರ್ಜನ್ಯ ನಡೆಯುವುದೇ ಇಲ್ಲ ಎಂದು ಅವರು ಯಾವತ್ತೂ ಹೇಳಲಿಲ್ಲ. ಆದರೆ ಒತ್ತು ಹೊರಗಿನ ಘಟನೆಯಿಂದ ಒಳಗಿನ ಬಯಕೆ, ಕಲ್ಪನೆಗಳ ಕಡೆಗೆ ಸರಿಯಿತು. ಮನಸ್ಸಿನ ಒಳಲೋಕ ಎಷ್ಟು ದೊಡ್ಡದೆಂಬ ಅರಿವು ನಮಗೆ ದಕ್ಕಿದ್ದು ಈ ತಿರುವಿನಿಂದ. ಆದರೆ ಅದಕ್ಕೆ ತೆತ್ತ ಬೆಲೆ ಫ್ರಾಯ್ಡ್ ಅವರದ್ದಲ್ಲ. ನಿಜವಾಗಿ ನೊಂದವರು ಎದುರು ಕೂತು ಹೇಳಿದ್ದನ್ನು ಕಲ್ಪನೆ ಎಂದು ಬಗೆದ ವಿಶ್ಲೇಷಕರು ದಶಕಗಳ ಕಾಲ ಇದ್ದರು. ನಾನು ಈ ಪರಂಪರೆಯಲ್ಲೇ ಕೆಲಸ ಮಾಡುವವಳು, ಆದ್ದರಿಂದ ಇದನ್ನು ನಾನೇ ಹೇಳಬೇಕು.

ಆ ಪರಂಪರೆಯೊಳಗಿನಿಂದಲೇ ಎದ್ದು ನಿಂತವರು ಹಂಗೇರಿಯ ಶಾಂಡೋರ್ ಫೆರೆಂಜಿ. 1932ರಲ್ಲಿ ವೀಸ್‌ಬಾಡೆನ್ ಸಮ್ಮೇಳನದಲ್ಲಿ ಅವರು ಓದಿದ ಪ್ರಬಂಧ ಫ್ರಾಯ್ಡ್ ಅವರಿಗೆ ಸಮ್ಮತವಿರಲಿಲ್ಲ. ಮರುವರ್ಷ ಫೆರೆಂಜಿ ತೀರಿಕೊಂಡರು. ಆ ಪ್ರಬಂಧ ಇಂಗ್ಲಿಷಿಗೆ ಬರಲು 1949 ಆಗಬೇಕಾಯಿತು. ಫೆರೆಂಜಿ ಹೇಳಿದ್ದು ಹೀಗೆ: ಮಗು ಕೇಳುವುದು ಅಕ್ಕರೆಯನ್ನು, ದೊಡ್ಡವರು ಅದಕ್ಕೆ ಕಾಮದ ಭಾಷೆಯಲ್ಲಿ ಉತ್ತರ ಕೊಡುತ್ತಾರೆ. ಹೆದರಿದ ಮಗು ಎದುರಿಸಲಾರದೆ ಆ ದೊಡ್ಡವರ ಮನಸ್ಸನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಅವರ ತಪ್ಪಿತಸ್ಥ ಭಾವವೂ ಮಗುವಿನದಾಗುತ್ತದೆ. ಮರುದಿನ ಆ ಮನುಷ್ಯ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿರುತ್ತಾನೆ. ಮಗು ನಂಬಿ ಹೇಳಿಕೊಳ್ಳಲು ಹೋದ ಇನ್ನೊಬ್ಬ ಹಿರಿಯರು "ಹುಚ್ಚುಹುಚ್ಚಾಗಿ ಮಾತಾಡಬೇಡ" ಎನ್ನುತ್ತಾರೆ. ಈ ಅಲ್ಲಗಳೆಯುವಿಕೆ ಎರಡನೇ ಪೆಟ್ಟು. ಮೊದಲನೆಯದು ಮೈಗೂ ಮನಸ್ಸಿಗೂ ಬಿದ್ದರೆ, ಎರಡನೆಯದು ತನ್ನ ಕಣ್ಣು, ತನ್ನ ಕಿವಿ, ತನ್ನ ನೆನಪು ಇವುಗಳ ಮೇಲೆ ಮಗುವಿಗಿರುವ ನಂಬಿಕೆಗೇ ಬೀಳುತ್ತದೆ.

ಫೆರೆಂಜಿ ಹೇಳಿದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. "ಹೊರಗೆ ಗೊತ್ತಾದರೆ ಮರ್ಯಾದೆ ಏನಾಗುತ್ತೆ", "ಮಾವನ ಬಗ್ಗೆ ಹಾಗೆಲ್ಲ ಹೇಳ್ತಾರಾ", "ನಿನಗೆ ಕನಸು ಬಿದ್ದಿರಬೇಕು ಪುಟ್ಟಿ". ದೌರ್ಜನ್ಯದ ನೆನಪಿಗಿಂತ ಅದನ್ನು ಅಮ್ಮನಿಗೆ ಹೇಳಿದ ದಿನದ ನೆನಪೇ ಹೆಚ್ಚು ಉರಿಯುತ್ತದೆ ಎಂದು ಹೇಳುವವರು ಬಹಳ.

ಮೊದಲ ಮಹಾಯುದ್ಧ ಬಂದಾಗ ಪ್ರಶ್ನೆ ಬೀದಿಗೇ ಬಂತು. ಗಾಯವಿಲ್ಲದ ಸೈನಿಕರು ಮೂಕರಾಗಿ, ನಡುಗುತ್ತಾ ಹಿಂದಿರುಗಿದರು. ಕಳ್ಳಾಟ ಎಂದು ಅವರಿಗೆ ವಿದ್ಯುತ್ ಶಾಕ್ ಕೊಟ್ಟು ಮತ್ತೆ ರಣರಂಗಕ್ಕೆ ಕಳಿಸಿದ ವೈದ್ಯರಿದ್ದರು. 1918ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಸೇರಿದ ಮನೋವಿಶ್ಲೇಷಕರ ಸಮ್ಮೇಳನದ ಮುಖ್ಯ ವಿಷಯವೇ ಈ ಯುದ್ಧಬಾಧೆ. ಫ್ರಾಯ್ಡ್ ಅವರನ್ನು ಕಾಡಿದ್ದು ಆ ಸೈನಿಕರ ಕನಸು. ಕನಸೆಂದರೆ ಬಯಕೆಯ ಈಡೇರಿಕೆ ಎಂದು ತಾವೇ ಬರೆದಿದ್ದರು, ಈ ಜನ ಮಾತ್ರ ರಾತ್ರಿ ರಾತ್ರಿ ಅದೇ ಕಂದಕಕ್ಕೆ ಮರಳಿ ಕಿರುಚಿಕೊಂಡು ಏಳುತ್ತಿದ್ದರು. 1920ರ ಪುಸ್ತಕವೊಂದರಲ್ಲಿ ಅವರು ಕೊಟ್ಟ ವಿವರಣೆ ನನಗೆ ಈಗಲೂ ಸರಿಯೆನಿಸುತ್ತದೆ. ಮನಸ್ಸಿಗೆ ಹೊರಗಿನ ಹೊಡೆತ ತಡೆಯುವ ಒಂದು ಕಾಪು ಇದೆ. ಭಯಪಟ್ಟು ಸಿದ್ಧವಾಗಲು ಒಂದು ಕ್ಷಣವೂ ಸಿಗದಂತೆ ಪೆಟ್ಟು ಬಿದ್ದಾಗ ಆ ಕಾಪು ಒಡೆಯುತ್ತದೆ. ಆಮೇಲೆ ಕನಸು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು, ಆಗ ಪಡಲಾಗದ ಭಯವನ್ನು ಈಗಲಾದರೂ ಪಟ್ಟು ಹಿಡಿತಕ್ಕೆ ತಂದುಕೊಳ್ಳಲು. ಆ ಕನಸು ಮನಸ್ಸಿನ ಪ್ರಯತ್ನ, ಸೋಲುತ್ತಾ ಸೋಲುತ್ತಾ ಬಿಡದ ಪ್ರಯತ್ನ. ಅದೇ ವರ್ಷದ ಜನವರಿಯಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಿದ್ದರು. ಪುಸ್ತಕಕ್ಕೂ ಆ ಸಾವಿಗೂ ಸಂಬಂಧವಿಲ್ಲ ಎಂದು ಫ್ರಾಯ್ಡ್ ಹೇಳಿದರು. ಹೇಳಬೇಕೆನಿಸಿತಲ್ಲ, ಅದೇ ನನ್ನ ಗಮನ ಸೆಳೆಯುತ್ತದೆ.

ಎರಡನೇ ಮಹಾಯುದ್ಧದಲ್ಲಿ ಅವರ ಇನ್ನೊಬ್ಬ ಮಗಳು ಆನಾ ಫ್ರಾಯ್ಡ್, ಡೊರೊತಿ ಬರ್ಲಿಂಗಂ ಜೊತೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಆಶ್ರಯಧಾಮ ನಡೆಸಿದರು. ಬಾಂಬ್ ಬೀಳುವಾಗ ಅಮ್ಮ ಜೊತೆಗಿದ್ದು ಸಮಾಧಾನವಾಗಿದ್ದರೆ ಮಗು ಅದನ್ನು ತಾಳಿಕೊಳ್ಳುತ್ತಿತ್ತು. ಸುರಕ್ಷಿತವಾದ ಹಳ್ಳಿಗೆ ಕಳಿಸಿದರೂ ಅಮ್ಮನಿಂದ ಅಗಲಿಸಿದರೆ ಕುಸಿಯುತ್ತಿತ್ತು. ಸೋದರಮಾವನ ಮನೆಗೆ ಹೋದ ಆ ಹುಡುಗನನ್ನು ಇಲ್ಲಿ ಮತ್ತೆ ನೆನೆಯಿರಿ.

ಹಾಗಾದರೆ ಪಕ್ಕದಲ್ಲಿರುವ ಜೀವ ಮಾಡುವುದೇನು? ಇದಕ್ಕೆ ನನಗೆ ತೃಪ್ತಿ ಕೊಟ್ಟ ಉತ್ತರ ಮನೋವಿಶ್ಲೇಷಕ ವಿಲ್ಫ್ರೆಡ್ ಬಿಯೋನ್ ಅವರದು. ಅವರು ಹುಟ್ಟಿದ್ದು 1897ರಲ್ಲಿ ನಮ್ಮ ಮಥುರೆಯಲ್ಲಿ. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು, ಹುಡುಗ ಮತ್ತೆ ಭಾರತ ನೋಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯ ಅಧಿಕಾರಿಯಾಗಿ ಪಕ್ಕದವರು ಸಾಯುವುದನ್ನು ಕಂಡರು. ಅವರ ಪ್ರಕಾರ ಕೂಸಿಗೆ ಬರುವ ಭಯ ಹಸಿಯಾದದ್ದು, ಕೂಸು ತಾನೇ ಅರಗಿಸಿಕೊಳ್ಳಲಾರದ್ದು. ತಾಯಿ ಅದನ್ನು ತನ್ನೊಳಗೆ ತೆಗೆದುಕೊಂಡು, ತಾನು ಗಾಬರಿಬೀಳದೆ, ಅನ್ನ ಸಾರು ನುಣ್ಣಗೆ ಕಿವುಚಿ ತಿನ್ನಿಸುವ ಹಾಗೆ, ಕೂಸಿಗೆ ತಾಳುವಷ್ಟು ಮಾಡಿ ವಾಪಸು ಕೊಡುತ್ತಾಳೆ. ಆಘಾತವಾದಾಗ ದೊಡ್ಡವರ ಮನಸ್ಸೂ ಕೂಸಿನ ಸ್ಥಿತಿಗೆ ಬರುತ್ತದೆ. ಆಗ ಬೇಕಾಗುವುದು ಈ ಕೆಲಸ ಮಾಡುವ ಇನ್ನೊಂದು ಮನಸ್ಸು. ಸಲಹೆ ಆಮೇಲಿನ ಮಾತು.

ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ವಿನಿಕಾಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ತೀರಿಕೊಂಡ ಮೇಲೆ, 1974ರಲ್ಲಿ, ಅಚ್ಚಾದ ಪುಟ್ಟ ಲೇಖನವೊಂದಿದೆ. "ನಾನು ಒಡೆದು ಚೂರಾಗಿಬಿಡುತ್ತೇನೇನೋ" ಎಂದು ಸದಾ ಹೆದರುವವರಿಗೆ ಆ ಒಡೆಯುವಿಕೆ ಆಗಲೇ ಆಗಿಬಿಟ್ಟಿದೆ, ಆದರೆ ಅದನ್ನು ಅನುಭವಿಸಲು ಆಗ ಅವರೊಳಗೆ ಯಾರೂ ತಯಾರಿರಲಿಲ್ಲ, ಹಾಗಾಗಿ ಅದನ್ನು ಮುಂದೆ ಹುಡುಕುತ್ತಾರೆ ಎನ್ನುತ್ತಾರೆ. ಇದನ್ನು ಮೆಲ್ಲಗೆ ಹೇಳಿದಾಗ ಕೆಲವರ ಮುಖದಲ್ಲಿ ಕಾಣುವ ನಿರಾಳತೆ ನೋಡಿದರೆ, ಈ ಮಾತು ಬರೀ ಸಿದ್ಧಾಂತವಲ್ಲವೆಂದು ನನಗೆ ಖಾತ್ರಿಯಾಗುತ್ತದೆ.

ನಮ್ಮ ದೇಶಕ್ಕೆ ಈ ವಿಚಾರ ತಡವಾಗಿ ಬಂದದ್ದೇನಲ್ಲ. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಬೆಂಗಳೂರಿನಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆ ದಾರಿಯಲ್ಲಿ ಇನ್ನಷ್ಟು ಜನ ನಡೆಯಬೇಕಿತ್ತು.

ಸಾಮೂಹಿಕ ಆಘಾತದ ಬಗ್ಗೆ ಒಂದು ಮಾತು. ಇಲ್ಲಿರುವ ಹಿರಿಯರಿಗೆ 1981ರ ಫೆಬ್ರವರಿ 7 ನೆನಪಿರಬಹುದು. ಈ ನಗರದಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಬದುಕಿ ಬಂದ ಮಕ್ಕಳಿಗೆ ಈಗ ಐವತ್ತರ ಮೇಲೆ ವಯಸ್ಸು. ಅವರನ್ನು ಅಂದು ಕೂರಿಸಿಕೊಂಡು ಕೇಳಿದವರು ಯಾರು? ಆ ಕಾಲದಲ್ಲಿ ದುರಂತವೆಂದರೆ ಪರಿಹಾರದ ಹಣ, ಆಸ್ಪತ್ರೆ, ತನಿಖೆ ಎಂದಷ್ಟೇ ಯೋಚಿಸುತ್ತಿದ್ದರು. ಮುಂದೆ ಒಡಿಶಾದ ಚಂಡಮಾರುತ (1999), ಗುಜರಾತಿನ ಭೂಕಂಪ (2001), ಸುನಾಮಿ (2004) ಆದಾಗ ನಮ್ಮ ನಿಮ್ಹಾನ್ಸ್‌ನವರು ಅಲ್ಲಿಗೆ ಹೋಗಿ, ಸ್ಥಳೀಯರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಕೇಳಿಸಿಕೊಳ್ಳುವ ಕೆಲಸ ಕಟ್ಟಿದರು. ಅದು ಮನೋವಿಶ್ಲೇಷಣೆಯಲ್ಲ, ಆದರೆ ನಾನು ಹೇಳುತ್ತಿರುವುದರ ತಿರುಳು ಅದರಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೇಳಿಸಿಕೊಳ್ಳುವುದೆಂದರೆ ಬಾಯಿಬಿಡಿಸುವುದಲ್ಲ. ದುರಂತವಾದ ಒಂದೆರಡು ದಿನದಲ್ಲೇ ಎಲ್ಲರನ್ನೂ ಕೂರಿಸಿ "ನಡೆದದ್ದೆಲ್ಲ ಹೇಳಿ" ಎಂದು ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಅದರಿಂದ ಉಪಯೋಗವಿಲ್ಲವೆಂದು ಅಧ್ಯಯನಗಳಿಂದ ತಿಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಎಂದಿದೆ. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಹೇಳಿದ ಕ್ರಮ ಒಳ್ಳೆಯದು: ಮೊದಲು ಸುರಕ್ಷತೆ, ನೆನಪು ಮತ್ತು ಶೋಕ ಆಮೇಲೆ, ಬದುಕಿನೊಂದಿಗೆ ಮತ್ತೆ ಬೆಸೆಯುವುದು ಅದರ ನಂತರ. ಇನ್ನೂ ಅದೇ ಗಂಡನ ಕೈಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸನ್ನು ಬಾಲ್ಯದ ನೆನಪು ಕೆದಕಲು ಕೂರಿಸುವುದು ಅನ್ಯಾಯ.

ಪುರಾವೆಯ ವಿಚಾರವನ್ನೂ ಮುಚ್ಚಿಡುವುದಿಲ್ಲ. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದಾದ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳುವ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಚಿಕಿತ್ಸೆ) ಕುರಿತವು, ಅವುಗಳಿಂದ ಬಹಳ ಜನಕ್ಕೆ ಗುಣ ಸಿಕ್ಕಿದೆ. ಮನೋವಿಶ್ಲೇಷಣೆಯ ದಾರಿಯ ಚಿಕಿತ್ಸೆಯ ಮೇಲೆ ಅಂಥ ಪ್ರಯೋಗಗಳು ಕಡಿಮೆ. ಬೈಕ್ ಅಪಘಾತವಾಗಿ ಎರಡು ತಿಂಗಳಿಂದ ರಸ್ತೆಗಿಳಿಯಲು ಹೆದರುವ ಹುಡುಗ ಬಂದರೆ ನಾನೇ ಸಿಬಿಟಿ ಮಾಡುವವರ ಬಳಿ ಕಳಿಸುತ್ತೇನೆ. ಆದರೆ ಪೆಟ್ಟು ಬಿದ್ದದ್ದು ಬಾಲ್ಯದಲ್ಲಿ, ಬಿದ್ದದ್ದು ನಂಬಿದವರಿಂದ, ವರ್ಷಗಟ್ಟಲೆ ಬಿದ್ದದ್ದು ಎಂದಾದರೆ, ಗಾಯ ಆ ಮನುಷ್ಯನ ಎಲ್ಲ ಸಂಬಂಧಗಳಲ್ಲೂ ಹರಡಿರುತ್ತದೆ. ಚಿಕಿತ್ಸಕರ ಜೊತೆಗಿನ ಸಂಬಂಧದಲ್ಲೂ ಅದು ತಲೆಯೆತ್ತುತ್ತದೆ: ಇವರೂ ನನ್ನನ್ನು ನಂಬುವುದಿಲ್ಲ, ಇವರೂ ಬಿಟ್ಟುಹೋಗುತ್ತಾರೆ. ಅದನ್ನು ಅಲ್ಲೇ, ಆ ಕೋಣೆಯಲ್ಲೇ ಗುರುತಿಸಿ ಮಾತಾಡುವ ವಿದ್ಯೆಯನ್ನು ಮನೋವಿಶ್ಲೇಷಣೆಯಷ್ಟು ತಾಳ್ಮೆಯಿಂದ ಬೆಳೆಸಿದ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ.

ಪ್ರಶ್ನೋತ್ತರ

*ಒಬ್ಬ ಹಿರಿಯರು: ನಮ್ಮ ಕಡೆ ಹೆಂಗಸರ ಮೈಮೇಲೆ ಬರುವುದು ಇದೆ. ಅದೂ ಇದೇನಾ ಮೇಡಂ?*

ಎಲ್ಲವೂ ಇದೇ ಎಂದು ಹೇಳಲಾರೆ ಸರ್. ಅದರಲ್ಲಿ ಭಕ್ತಿ ಇದೆ, ಊರಿನ ಪದ್ಧತಿ ಇದೆ, ಅದನ್ನು ಕಾಯಿಲೆ ಎಂದು ಕರೆಯುವ ಅವಸರ ನನಗಿಲ್ಲ. ಆದರೆ ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆ ಮೈಮೇಲೆ ಬಂದಾಗ ಅತ್ತೆಯ ಮುಂದೆ ಏನು ಹೇಳುತ್ತಾಳೆಂಬುದನ್ನು ಗಮನವಿಟ್ಟು ಕೇಳಿ. ಎಷ್ಟೋ ಸಲ ಅದು ಬೇರೆ ಯಾವ ದಾರಿಯಲ್ಲೂ ಹೇಳಲಾಗದ ಮಾತು.

*ಒಬ್ಬ ತಾಯಿ: ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಮೊಮ್ಮಗನಿಗೆ ಐದು ವರ್ಷ. ತಾತ ಊರಿಗೆ ಹೋಗಿದ್ದಾರೆ ಅಂತ ಹೇಳಿದೀವಿ. ತಪ್ಪಾ?*

ತಪ್ಪು ಅಂತ ಅನ್ನಲ್ಲಮ್ಮ, ನಿಮಗೇ ಅಷ್ಟು ನೋವಿದ್ದಾಗ ಅದನ್ನು ಹೇಳುವುದು ಸುಲಭವಲ್ಲ. ಈಗ ಹೇಳಿ. ಚಿಕ್ಕ ಮಾತಿನಲ್ಲಿ, ನಿಜವನ್ನೇ: ತಾತ ಸತ್ತುಹೋದರು, ಅವರ ಮೈ ಕೆಲಸ ಮಾಡುವುದು ನಿಂತಿತು, ಅವರು ವಾಪಸ್ ಬರಲ್ಲ, ನಮಗೆಲ್ಲ ಬೇಜಾರಾಗಿದೆ. "ಊರಿಗೆ ಹೋಗಿದ್ದಾರೆ" ಎಂದರೆ ನಾಳೆ ಅವರಪ್ಪ ನಿಜವಾಗಿಯೂ ಊರಿಗೆ ಹೊರಟಾಗ ಮಗು ಕಾಲು ಹಿಡಿದುಕೊಂಡೀತು. ಅವನು ಮತ್ತೆ ಮತ್ತೆ ಅದನ್ನೇ ಕೇಳುತ್ತಾನೆ, ಆಟದಲ್ಲಿ ಗೊಂಬೆಯನ್ನು ಸಾಯಿಸುತ್ತಾನೆ. ಬೈಯಬೇಡಿ, ಜೊತೆಗೆ ಕೂತುಕೊಳ್ಳಿ. ನಿಮಗೆ ಅಳು ಬಂದರೆ ಅವನ ಮುಂದೆಯೇ ಅಳಿ.

*ಒಬ್ಬ ವಿದ್ಯಾರ್ಥಿ: ವರ್ಷಗಟ್ಟಲೆ ಥೆರಪಿಗೆ ದುಡ್ಡು ಯಾರ ಹತ್ತಿರ ಇರುತ್ತೆ?*

ನಿಜ. ಖಾಸಗಿಯಾಗಿ ವಾರಕ್ಕೊಮ್ಮೆ ಹೋಗುವುದು ಈ ಊರಿನ ಬಹಳ ಜನಕ್ಕೆ ಆಗದ ಮಾತು, ಇದು ನಮ್ಮ ಕ್ಷೇತ್ರದ ದೊಡ್ಡ ಕೊರತೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ, ಕಾಯುವ ತಾಳ್ಮೆ ಬೇಕು. ಬಿಟಿಎಂ ಲೇಔಟಿನಲ್ಲಿ ಅವರದೇ ಕ್ಷೇಮ ಕೇಂದ್ರವಿದೆ, ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಅಲ್ಲಿಗೆ ಹೋಗಬಹುದು. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಖಾಸಗಿಯವರ ಬಳಿ ಹೋಗುವುದಾದರೆ ಮೊದಲ ಭೇಟಿಯಲ್ಲೇ ಮೂರು ವಿಷಯ ಕೇಳಿ: ಏನು ಓದಿದ್ದೀರಿ, ನಿಮ್ಮ ಕೆಲಸವನ್ನು ನೋಡುವ ಹಿರಿಯರು ಯಾರಾದರೂ ಇದ್ದಾರೆಯೇ, ಫೀಸಿನಲ್ಲಿ ರಿಯಾಯಿತಿ ಕೊಡುತ್ತೀರಾ. ಕೇಳಿದ್ದಕ್ಕೆ ಸಿಡುಕಿದರೆ ಬೇರೆಯವರನ್ನು ನೋಡಿ.